ಪಾಯಿಂಟ್ ಎರಡು ಕಳೆದು

ಎಸ್.ಪಿ. ರಸ್ತೆಯ ಅಡ್ಡಗಲ್ಲಿಯಲ್ಲಿ ನನ್ನದು ಎಂಟಡಿ ಅಂಗಡಿ.
ತಾಮ್ರ, ಹಿತ್ತಾಳೆ, ನೈಕ್ರೋಮ್, ಕಾಂತಾಲ್.
ಗೇಜು ಹೇಳಿ, ಅಡಿ ಹೇಳಿ, ಕತ್ತರಿಸಿ ಕೊಡುತ್ತೇನೆ.
ಏನಕ್ಕೆ ಅಂತ ಕೇಳುವುದಿಲ್ಲ.

ಅರುಳ್‌ದಾಸ್ ಬಂದದ್ದು ಬ್ಯಾಂಡಿನ ಕೆಂಪು ಕೋಟಿನಲ್ಲೇ,
ಭುಜದ ಜರಿ ಕಿತ್ತು ಜೋತಾಡುತ್ತಿತ್ತು.
"ಇಪ್ಪತ್ತೆಂಟು ಗೇಜು, ಎರಡಡಿ, ಅಕ್ಕಾ."
ಕೇಳದಿದ್ದರೂ ಅವನೇ ಹೇಳಿದ:
ದಿನಕ್ಕೆ ಹದಿನೆಂಟು ಸಿಗರೇಟು, ಟ್ರಂಪೆಟ್ಟಿನ ಮೇಲಿನ ಸ್ವರ
ಅರ್ಧಕ್ಕೇ ಮುರಿಯುತ್ತಿದೆ. ಮದುವೆ ಮನೆಯವರು ನಗುತ್ತಾರೆ.
ಹೊಗೆ ಬಿಟ್ಟು ಆವಿಗೆ ಬಂದಿದ್ದಾನಂತೆ.
ಆ ಡಬ್ಬಿ ಮಾರುವುದನ್ನು ಸರ್ಕಾರ ನಿಲ್ಲಿಸಿದ ಮೇಲೆ
ಹಳೆಯದಕ್ಕೆ ತಾನೇ ಸುರುಳಿ ಸುತ್ತಬೇಕಂತೆ.
ತಂತಿಗೆ ನಿಷೇಧವಿಲ್ಲ. ಕತ್ತರಿಸಿಕೊಟ್ಟೆ.

ಮರುವಾರ ಬಂದವನ ಬೆರಳ ತುದಿ ಸುಟ್ಟಿತ್ತು.
ನೋಡಿ ಸುಮ್ಮನಿರಲಾಗಲಿಲ್ಲ.
ಎರಡೆಳೆ ಜೋಡಿಸಿ ಒಂದು ತುದಿ ಗೋಡೆಯ ಮೊಳೆಗೆ,
ಇನ್ನೊಂದು ಡ್ರಿಲ್ಲಿನ ಬಾಯಿಗೆ. ಬಿಗಿಯಾಗಿ ಹಿಡಿ ಎಂದೆ.
ಗುರ್ ಅಂದಿತು. ಎಳೆಗಳು ಒಂದನ್ನೊಂದು ಹತ್ತಿ ಇಳಿದು
ಹುರಿಯಾದವು.
ಅಜ್ಜಿ ತೊಡೆಯ ಮೇಲೆ ಬತ್ತಿ ಹೊಸೆಯುತ್ತಿದ್ದಳು,
ಅಂಗೈಯೇ ಅವಳ ಡ್ರಿಲ್ಲು.

"ರೆಸಿಸ್ಟೆನ್ಸ್ ಎಷ್ಟು ಬರತ್ತೆ?"
ನಾನು ಕಾಟನ್‌ಪೇಟೆಯ ಸರ್ಕಾರಿ ಶಾಲೆಯವಳು,
ನಮಗದು ರೋಧ.
ಉದ್ದ ಬೆಳೆದರೆ ರೋಧ ಬೆಳೆಯುತ್ತದೆ,
ದಪ್ಪ ಬೆಳೆದರೆ ಸೊರಗುತ್ತದೆ:
ಪುಟ್ಟತಾಯಮ್ಮ ಟೀಚರು ಬೆತ್ತದಿಂದ ತಾಳ ಹಾಕಿಸಿ ಕಲಿಸಿದ್ದು.
ರಟ್ಟಿನ ಮೇಲೆ ಬರೆದೆ.
ಒಂಟಿ ತಂತಿ ಮೀಟರಿಗೆ ಹದಿನೆಂಟು ಓಮ್,
ಎರಡು ಜೊತೆ ನಿಂತರೆ ಒಂಬತ್ತು.
ಆದರೆ ಹೊಸೆತ ಉದ್ದವನ್ನು ನುಂಗುತ್ತದೆ ಮಾರಾಯ,
ಒಂಬತ್ತೂವರೆ ಅನ್ನು.
ಮೂರು ಮಿಲಿಮೀಟರಿನ ಕಡ್ಡಿಗೆ ಆರು ಸುತ್ತು,
ಕಾಲುಗಳೂ ಸೇರಿ ಎಂಟು ಸೆಂಟಿಮೀಟರ್:
ಮುಕ್ಕಾಲು ಓಮ್, ಮೇಲೊಂದಿಷ್ಟು ಚಿಲ್ಲರೆ.

ಮೀಟರಿಟ್ಟು ನೋಡಿದ. ಒಂದು ಅಂದಿತು.
ಮುಖ ಸಪ್ಪಗಾಯಿತು. "ಲೆಕ್ಕ ತಪ್ಪಾ ಅಕ್ಕಾ?"
ಲೆಕ್ಕ ಸರಿ ಕಣೋ. ಎರಡು ಕಡ್ಡಿಗಳನ್ನೂ
ಮೊದಲು ಒಂದಕ್ಕೊಂದು ಮುಟ್ಟಿಸು.
ನಡುವೆ ಏನೂ ಇಲ್ಲದಿದ್ದರೂ ಪಾಯಿಂಟ್ ಎರಡು!
ಅಳೆಯುವ ತಂತಿಗೂ ತನ್ನದೊಂದು ರೋಧ,
ಅದನ್ನು ಕಳೆಯದೆ ಸುರುಳಿಯನ್ನು ಬಯ್ಯಬಾರದು.

ದೇವರ ಗೂಡಿನ ಹೂಬತ್ತಿ ಬಿಡಿಸಿ ಒಂದೆಳೆ ಕೊಟ್ಟೆ.
ಸುರುಳಿಯೊಳಗೆ ತೂರಿಸಿದ,
ನಿಜವಾದ ದೀಪಕ್ಕೆಂಬಂತೆ, ಅಷ್ಟು ನಿಧಾನವಾಗಿ.
ಇದೂ ಒಳ್ಳೆಯದಲ್ಲ ಅಂತ ಗೊತ್ತು ತಾನೇ, ಅಂದೆ.
ಗೊತ್ತು, ಅಂದ.
ತಂತಿಯ ದುಡ್ಡು ಇಪ್ಪತ್ತು, ಬತ್ತಿಯದು ಬೇಡ.

ಆಮೇಲೆ ತಿಂಗಳಿಗೊಮ್ಮೆ ಬಂದ. ಆಮೇಲೆ ಎರಡು ತಿಂಗಳಿಗೊಮ್ಮೆ.
ಆಮೇಲೆ ಬರಲಿಲ್ಲ.
ಬಿಟ್ಟನೋ, ಮತ್ತೆ ಸಿಗರೇಟಿಗೆ ಹೋದನೋ,
ಬೇರೆ ಅಂಗಡಿಯಲ್ಲಿ ಅಡಿಗೆ ಎರಡು ರೂಪಾಯಿ ಕಮ್ಮಿಯೋ.
ರಟ್ಟು ಇನ್ನೂ ಗಲ್ಲಾಪೆಟ್ಟಿಗೆಯ ಕೆಳಗಿದೆ.

ನಿನ್ನೆ ಸಂಜೆ ಟೌನ್‌ಹಾಲ್ ಕಡೆಯಿಂದ ಒಂದು ದಿಬ್ಬಣ.
ಆಟೋ, ಕೈಗಾಡಿ, ಬಸ್ಸಿನ ಹಾರನ್ನುಗಳ ಮೇಲೆ
ಒಂದು ಟ್ರಂಪೆಟ್ ಮೇಲಕ್ಕೆ ಹತ್ತಿ ಅಲ್ಲೇ ನಿಂತಿತು.
ಅವನೇ ಅಂತ ಹೇಗೆ ಹೇಳಲಿ,
ಈ ಊರಲ್ಲಿ ಕೆಂಪು ಕೋಟುಗಳಿಗೇನು ಬರವೇ.
ತಕ್ಕಡಿಯ ಮೇಲೆ ತಂತಿಯನ್ನು ಹಾಗೇ ಬಿಟ್ಟು
ಸ್ವರ ಮುರಿಯುವ ತನಕ ಎಣಿಸಿದೆ.

ಹನ್ನೊಂದು.
ನನ್ನ ಎಣಿಕೆಯ ಆತುರದ ಒಂದನ್ನು ಕಳೆದರೆ
ಹತ್ತು.