ಗೋಡೆಗೆಷ್ಟು?

ಮಂಡಕ್ಕಿ ಭಟ್ಟಿಯ ಹಿಂದಿನ ಶೆಡ್ಡಿನಲ್ಲಿ
ಡಾರ್ಟ್ ಬೋರ್ಡಿಗೆ ಈಗ ನಡುವೇ ಇಲ್ಲ.
ಚಮಚದ ಹಿಡಿಯಿಂದ ಕಿತ್ತವನು ನಾನೇ,
ಒಂದು ಕಾಲಕ್ಕೆ ಜಿಲ್ಲೆಗೇ ಮೊದಲು ಬಂದವನು.

ಬಕ್ಕೇಶಪ್ಪನ ಬಲಗೈ ನಡುಗುತ್ತದೆ.
ಕಾಟನ್ ಮಿಲ್ಲಿನ ಮಗ್ಗ ನಿಂತು ವರ್ಷಗಳಾದವು,
ಕೈಗೆ ಆ ಸುದ್ದಿ ಮುಟ್ಟಿಲ್ಲ.
ಅವನಿಗೆಂದು ಒಂದು ಆಟ ಹೂಡಿದೆ:
ಎಸೆಯುವ ಮುಂಚೆ ಹೇಳಬೇಕು,
ಯಾವ ಕಡೆ ತಪ್ಪುತ್ತದೆ, ಎಷ್ಟು.
"ಎಡಕ್ಕೆ. ನಾಲ್ಕು ಬೆರಳು."
ಅಳೆದೆವು. ನಾಲ್ಕೇ.
ಮುದುಕ ಬೀಡಿ ಹಚ್ಚಿದ.

ಮಕ್ತುಂಬಿಗೆ ಕಣ್ಣು ಕಾಣದು.
ಬೋರ್ಡಿನ ಸುತ್ತ ಸೈಕಲ್ ಬೆಲ್ಲು, ಸೀಳಿದ ತಟ್ಟೆ,
ಎಣ್ಣೆ ಡಬ್ಬಿಯ ಮುಚ್ಚಳ ತೂಗುಹಾಕಿದೆ.
ಬೆಲ್ಲಿಗೆ ಹತ್ತು, ತಟ್ಟೆಗೆ ಐದು;
ಸದ್ದೇ ಬಾರದಿದ್ದರೆ ಆಟ ನಿಲ್ಲಿಸಿ
ಎಲ್ಲರೂ ಬಗ್ಗಿ ಹುಡುಕಬೇಕು.
ಮೊದಲ ದಿನ ಹುಡುಕಿದ್ದೇ ಹುಡುಕಿದ್ದು.
ಡಾರ್ಟು ಮಂಡಕ್ಕಿ ಚೀಲ ಹೊಕ್ಕು
ಹಗೇದಿಬ್ಬ ಸರ್ಕಲ್ಲಿನ ಅಂಗಡಿ ತಲುಪಿತ್ತು.

ತಿಪ್ಪಮ್ಮ ಗಾಲಿಕುರ್ಚಿಯಲ್ಲಿ ಬಂದ ದಿನ
ಬೋರ್ಡು ಎರಡಡಿ ಇಳಿಸಿದೆ.
ಬೈದಳು:
"ಅದು ಇದ್ದಲ್ಲೇ ಇರ್ಲಿ. ನೀವ್ ಕುಂದರ್ರಿ."
ಈಗ ಎಲ್ಲರೂ ಭತ್ತದ ಮೂಟೆಯ ಮೇಲೆ ಕೂತೇ ಎಸೆಯುವುದು.
ಕೂತರೆ ನನ್ನ ಭುಜಕ್ಕೆ ಏನೂ ಗೊತ್ತಿಲ್ಲ,
ಅವಳದಕ್ಕೆ ಎಲ್ಲಾ ಗೊತ್ತು.

ನಿನ್ನೆ ಬಕ್ಕೇಶಪ್ಪನ ಆಟಕ್ಕೆ ನನ್ನ ಸರದಿ.
"ಬಲಕ್ಕೆ, ಒಂದು ಬೆರಳು," ಅಂದೆ.
ಬಹಳ ಹೊತ್ತು ಗುರಿ ಇಟ್ಟೆ.
ಡಾರ್ಟು ನೇರ ಹೋಗಿ
ನಾನೇ ಕಿತ್ತ ತೂತಿನೊಳಗೆ
ಗೋಡೆಗೆ ನೆಟ್ಟಿತು.
ಮಕ್ತುಂಬಿ ತಲೆ ಎತ್ತಿದಳು:
"ಇದ್ಯಾವ ಸದ್ದು? ಗೋಡೇದಾ?
ಗೋಡೆಗೆಷ್ಟು?"

ಬಕ್ಕೇಶಪ್ಪ ಸೀಮೆಸುಣ್ಣದಲ್ಲಿ ಸೊನ್ನೆ ಬರೆದ.
ನಡುಗಿ ನಡುಗಿ,
ಅದರ ಬಾಯಿ ಕೂಡಲಿಲ್ಲ.