ನಳಿಕೆ ೪೧೭

ಟೌನ್ಸ್‌ವಿಲ್‌ನಲ್ಲಿ ಮಳೆ ಹೊಯ್ದು ನಿಂತ
ಒಂಬತ್ತನೆಯ ದಿನಕ್ಕೆ ಆಸ್ಪತ್ರೆಯಿಂದ ಫೋನು ಬರುತ್ತದೆ.
ಎತ್ತುವ ಮೊದಲೇ ಗೊತ್ತು:
ಸಕ್ಕರೆ ಕಾಯಿಲೆ, ಬರಿಗಾಲು, ಹಿತ್ತಿಲ ಕೆಸರು,
ನಡುಕ ಜ್ವರ, ಎಕ್ಸ್‌ರೇಯಲ್ಲಿ ಎಡಗಡೆ ಬಿಳಿ ಮಚ್ಚೆ.

ಅದು ಯಾರ ಮೇಲೂ ಹಗೆಯಿಲ್ಲದೆ ಮಲಗಿರುತ್ತದೆ.
ವರ್ಷದ ಎಂಟು ತಿಂಗಳು ಬಿರಿದ ನೆಲದಡಿಯಲ್ಲಿ
ಒಂದು ಗುಟುಕು ನೀರಿಗೆ ಕಾಯುತ್ತದೆ.
ತಾಳಿದವನು ಬಾಳಿಯಾನು ಅಂದ ನಮ್ಮ ಹಿರಿಯರು
ಮನುಷ್ಯರನ್ನಷ್ಟೇ ನೆನೆದಿದ್ದರೋ ಏನೋ.

ಈ ಫೆಬ್ರವರಿಯಲ್ಲಿ ನಮ್ಮ ಫ್ರೀಜರಿಗೆ ಮುಪ್ಪು ಬಂತು.
ಸೊನ್ನೆಗಿಂತ ಎಂಬತ್ತು ಕೆಳಗೆ ನಿಲ್ಲಲಾರದೆ
ರಾತ್ರಿಯಿಡೀ ಅರಚಿಕೊಂಡಿತು.
ಹೊಸದರಲ್ಲಿ ಜಾಗ ಅರ್ಧವೇ, ಅಂದರು ವಿಭಾಗದವರು,
ಯಾವುದು ಇರಬೇಕು, ಯಾವುದು ಹೋಗಬೇಕು, ಕಾರಣ ಸಮೇತ ಪಟ್ಟಿ ಕೊಡಿ.
ದಪ್ಪ ಕೈಗವಸು ತೊಟ್ಟು
ಮೂವತ್ತು ವರ್ಷದ ಜ್ವರಗಳನ್ನು ಎಣಿಸಲು ಕೂತೆ.

ಅದೇ ವಾರ ಬಂದಳು ಮೆರಿಲ್ ಟ್ರೆಗಾರ್ಥನ್,
ಕಂಕುಳಲ್ಲಿ ಬಿಸ್ಕತ್ತಿನ ಡಬ್ಬಿ, ಅದರ ತುಂಬ ಅಪ್ಪನ ಕಾಗದ.
ತೊಂಬತ್ತೆಂಟರ ನೆರೆ ಇಳಿದ ಮೇಲೆ
ಹರ್ಮಿಟ್ ಪಾರ್ಕಿನ ಚರಂಡಿಗಳನ್ನು ಬಿಡಿಸಿದವನು,
ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ಹೋದವನು.
ಒಂದು ಹಾಳೆಯ ಕೆಳಗೆ ನಡುಗಿದ ಸಹಿ:
ನನ್ನಿಂದ ತೆಗೆದದ್ದನ್ನು ಇಟ್ಟುಕೊಳ್ಳಬಹುದು.
ಮೂಲೆಯಲ್ಲಿ ಪೆನ್ಸಿಲಿನಿಂದ ಯಾರೋ ಬರೆದದ್ದು, ೪೧೭.
"ನೋಡಬಹುದಾ?" ಅಂದಳು.

ನನ್ನ ಪಟ್ಟಿಯಲ್ಲಿ ೪೧೭ಕ್ಕೆ ಆಗಲೇ ಕೆಂಪು ಕಾಟು ಬಿದ್ದಿತ್ತು.
ಅದೇ ವರ್ಷದ್ದು ಇನ್ನೂ ಒಂಬತ್ತಿವೆ, ಇದು ಕಾರಣ.
ಅವಳಿಗೆ ಹೇಳಲಿಲ್ಲ.

ಎಬ್ಬಿಸಲು ನಾಲ್ಕು ದಿನ ಬೇಕು ಎಂದೆ.
ಎಬ್ಬಿಸಲು! ನನ್ನ ಮಾತಿಗೆ ನಾನೇ ಬೆಚ್ಚಿದೆ.
ಆದರೆ ಹೆಪ್ಪು ಹಾಕುವುದೆಂದರೂ ಇದೇ ತಾನೆ,
ಹಳೆಯದರ ಒಂದು ಚೂರು, ಹೊಸ ಬಟ್ಟಲು, ಹದವಾದ ಬಿಸಿ,
ಆಮೇಲೆ ಅಲುಗಿಸದೆ ಬಿಟ್ಟುಬಿಡುವುದು.
ಅಮ್ಮ ಕಲಿಸಿದ್ದಕ್ಕೂ ಇಲ್ಲಿ ಕಲಿತದ್ದಕ್ಕೂ ನಡುವೆ
ಎರಡು ಬಾಗಿಲು, ಒಂದು ಮುಖಗವಸು.

ನಾಲ್ಕನೆಯ ದಿನ ತಟ್ಟೆ ತುಂಬ ನೇರಳೆ.
ಒಣಗಿ ಸುಕ್ಕಾದ ಪುಟ್ಟ ಬಿಲ್ಲೆಗಳು,
ಬಹಳ ಹೊತ್ತು ನೀರಲ್ಲಿದ್ದ
ಬೆರಳ ತುದಿಗಳ ಹಾಗೆ.

ಟೇಪು ಸುತ್ತಿ, ಎರಡು ಚೀಲದೊಳಗಿಟ್ಟು
ಗಾಜಿನ ಈಚೆಯಿಂದ ಎತ್ತಿ ಹಿಡಿದೆ.
ಆಚೆ ಅವಳು ಕನ್ನಡಕ ಒರೆಸಿಕೊಂಡಳು.
ಅಳುತ್ತಾಳೆ ಅಂದುಕೊಂಡಿದ್ದೆ, ಶಪಿಸುತ್ತಾಳೆ ಅಂತಲೂ.
ಇಂಟರ್‌ಕಾಮಿನಲ್ಲಿ ಕೇಳಿದ್ದು ಒಂದೇ:
"ಇದಕ್ಕೆ ವಾಸನೆ ಇದೆಯಾ?"

ಇದೆಯಂತೆ. ಹಳಬರು ಹೇಳುತ್ತಿದ್ದರು,
ಮೊದಲ ಮಳೆ ಬಿದ್ದ ಮಣ್ಣಿನದೇ ವಾಸನೆ ಅಂತ.
ಈಗ ಮೂಸುವಂತಿಲ್ಲ, ಗೋಡೆಯ ಮೇಲೆ ಕೆಂಪಕ್ಷರದಲ್ಲಿದೆ.
ಹದಿನಾರು ವರ್ಷದಿಂದ ಸಾಕುತ್ತಿದ್ದೇನೆ,
ವಾಸನೆ ಅರಿಯೆ.

"ನಾನು ಹೇಳುತ್ತೇನೆ," ಅಂದಳು ಮೆರಿಲ್.
"ಸಂಜೆ ಐದೂವರೆ. ಹಿಂಬಾಗಿಲಲ್ಲಿ ಅಪ್ಪ ಬೂಟು ಬಿಚ್ಚುತ್ತಿದ್ದ.
ಕಾಲು ತೊಳೆದು ಒಳಗೆ ಬಾ ಅಂತ ಅಮ್ಮನ ಕೂಗು.
ನಾನು ಆ ಬೂಟಿನೊಳಗೆ ಮೊಣಕೈವರೆಗೆ ಕೈ ಹಾಕಿ ಆಡುತ್ತಿದ್ದೆ."
ಅಷ್ಟು ಹೇಳಿ ತನ್ನ ಕೈಗಳನ್ನೇ ನೋಡಿಕೊಂಡಳು.

ಯಾರದಾದರೂ ಸಾವಿಗೆ ಹೋಗಿಬಂದರೆ ನಾವು
ಮಣ್ಣಿಗೆ ಹೋಗಿದ್ದೆ ಅನ್ನುತ್ತೇವೆ.
ಅದನ್ನವಳಿಗೆ ಇಂಗ್ಲಿಷಿನಲ್ಲಿ ದಾಟಿಸಲು ನೋಡಿದೆ.
ಇಂಟರ್‌ಕಾಮು ಗರಗರ ಅಂದು ಅರ್ಧ ನುಂಗಿತು.
"ಹೌದು," ಅಂದಳು, "ದಿನಾ ಹೋಗುತ್ತಿದ್ದ."

ತಟ್ಟೆಯನ್ನು ಆಟೋಕ್ಲೇವಿಗಿಟ್ಟು ಮುಚ್ಚಳ ಬಿಗಿದೆ.
ನೂರ ಇಪ್ಪತ್ತೊಂದು ಡಿಗ್ರಿ, ಮುಕ್ಕಾಲು ಗಂಟೆ.
ಪಟ್ಟಿಯಲ್ಲಿನ ಕಾಟು ಅಳಿಸಿದೆ,
ಕಾರಣದ ಖಾನೆ ಇನ್ನೂ ಖಾಲಿ,
ಕೇಳಿ ಎರಡು ಮೇಲ್ ಬಂದಿವೆ.

ಕಿಟಕಿಯಲ್ಲಿ ಕಾಸಲ್ ಹಿಲ್ಲಿನ ಕೆಂಬಂಡೆ ತೊಯ್ದು ಕಪ್ಪಾಗುತ್ತಿದೆ.
ನಿಂತ ದಿನದಿಂದ ಒಂಬತ್ತು ಎಣಿಸಬೇಕು.