ಒಂಬತ್ತನೆಯ ಸೆಂಟಿಮೀಟರ್

ಮೊದಲು ಉಂಗುರ ತೆಗೆದು ವ್ಯಾನಿನ ಗೂಡಿನಲ್ಲಿಡುತ್ತೇನೆ.
ಉಕ್ಕಿನ ಚಾಕು ಬೇಡ, ಕಿವಿಯ ಓಲೆ ಬೇಡ,
ಲೋಹ ಹುಡುಕಲು ಹೊರಟವಳ ಮೈಮೇಲೆ
ಲೋಹವಿರಬಾರದು.
ಗುಲ್ಶಾರಾ ಕೋಟಿನ ಗುಂಡಿಗೂ ಟೇಪು ಸುತ್ತಿಕೊಂಡಿದ್ದಾಳೆ.
ಅವಳದು ಅತಿ ಮಡಿ.

ಮಾರ್ಚ್ ತಿಂಗಳು. ಅಕ್ಶೋಲ್ ಸರೋವರದ ಮೇಲೆ
ಇನ್ನೂ ಎರಡು ಗೇಣು ಮಂಜುಗಡ್ಡೆ.
ಆಚೆ ದಡದಲ್ಲಿ ತಾಮ್ರದ ಕಾರ್ಖಾನೆಯ ಮೂರು ಚಿಮಣಿ.
ಅದರ ಕಾಲುವೆ ಬಂದು ಸೇರುವಲ್ಲಿ ಮಾತ್ರ ನೀರು ಹೆಪ್ಪುಗಟ್ಟುವುದಿಲ್ಲ.
ಬಾತುಕೋಳಿಗಳು ಚಳಿಗಾಲವಿಡೀ ಅಲ್ಲೇ,
ಬಿಸಿನೀರ ಮನೆಯಲ್ಲಿ ಕೂತಂತೆ.

ಯೆರ್ಗಾಲಿ ಗಡ್ಡೆ ಕೊರೆಯುತ್ತಾನೆ. ಗಾಜಿನಂಥ ಪ್ಲಾಸ್ಟಿಕ್ ಕೊಳವೆಯನ್ನು
ಹಗ್ಗ ಕಟ್ಟಿ ಇಳಿಬಿಡುತ್ತೇನೆ.
ಎಂಟು ಮೀಟರ್, ಒಂಬತ್ತು, ಹನ್ನೊಂದು,
ಕೈಯಲ್ಲಿ ಹಗ್ಗ ಸಡಿಲ.
ತಲುಪಿತು.
ಕಾಣದ್ದನ್ನು ಮುಟ್ಟಿದ್ದು ಅಂಗೈಗೆ ಗೊತ್ತಾಗುತ್ತದೆ.

ಮೇಲೆ ಬಂದದ್ದು ಮೊಳದುದ್ದದ ಕೆಸರು.
ವರ್ಷಕ್ಕೆ ಮೂರು ಮಿಲಿಮೀಟರ್,
ಅವಸರವಿಲ್ಲದೆ ಕೂತದ್ದು.
ಹದಿನೆಂಟನೆಯ ಸೆಂಟಿಮೀಟರಿನಲ್ಲಿ ಬಾಂಬುಗಳ ಕಾಲ:
ಹುಲ್ಲುಗಾವಲಿನಾಚೆ ಆಕಾಶ ಬೆಳಗಿದ್ದನ್ನು
ಅಜ್ಜಿ ಹೇಳುತ್ತಿದ್ದಳು, ಮೇಕೆಗಳು ಮಂಡಿಯೂರಿದವಂತೆ.
ಕೆಸರು ಅಷ್ಟೆಲ್ಲ ಹೇಳುವುದಿಲ್ಲ,
ಒಂದು ಅಂಕಿ ಕೊಡುತ್ತದೆ. ಅದನ್ನು ಹಿಡಿದು
ಉಳಿದ ವರ್ಷಗಳನ್ನು ಎಣಿಸುತ್ತೇವೆ.

ಹದಿನಾಲ್ಕು: ಕಾಡಿಗೆಯಂಥ ಪಟ್ಟಿ.
ತಾಮ್ರ, ಸೀಸ, ಕ್ಯಾಡ್ಮಿಯಂ, ಎಲ್ಲವೂ ತುದಿಗೇರಿದ್ದು ಇಲ್ಲೇ.
ಆ ವರ್ಷ ಯೋಜನೆಗಿಂತ ಹೆಚ್ಚು ಕರಗಿಸಿದ ಮೂರನೆಯ ಪಾಳಿಗೆ
ಬ್ಯಾಂಡು ಬಾರಿಸಿ ಪದಕ ಕೊಟ್ಟರು.
ಕುಲುಮೆಯ ಮುಂದಾಳು ತೆಮಿರ್‌ಬೋಲತ್, ನನ್ನ ಅಪ್ಪ.
ನನಗೆ ಬಿಳಿಯ ಬೂಟು ಬಂತು, ಮನೆಗೆ ಫ್ರಿಜ್ಜು,
ಅಮ್ಮನಿಗೆ ಮಾತ್ರ ಕಿಟಕಿಯಂಚಿನ ಹಸಿರು ಧೂಳು
ದಿನಕ್ಕೆರಡು ಸಲ.

ಹೋದ ವರ್ಷ ನಕ್ಷೆಯನ್ನು ಮನೆಗೊಯ್ದಿದ್ದೆ.
ಅಪ್ಪ ಕನ್ನಡಕ ಹುಡುಕಿ, ಕಾಗದ ದೂರ ಹಿಡಿದು,
ಗೆರೆ ಎಲ್ಲಕ್ಕಿಂತ ಆಚೆ ಚಾಚಿದ ಕಡೆ
ಸುಟ್ಟ ಗಾಯದ ಬೆರಳಿಟ್ಟ.
'ಇದು ನಾವು' ಎಂದ.
ನಾಚಿಕೆಯೋ ಹೆಮ್ಮೆಯೋ, ಆ ದನಿಯನ್ನು
ಅಳೆಯುವ ಉಪಕರಣ ನಮ್ಮಲ್ಲಿಲ್ಲ.

ಬೆರಳು ಮೇಲೆ ಸರಿಯಿತು, ಒಂಬತ್ತಕ್ಕೆ ಬಂದು ನಿಂತಿತು.
ಅಲ್ಲಿ ಗೆರೆ ಒಳಕ್ಕೆ ಬಾಗಿ
ಕಾರ್ಖಾನೆಯೇ ಇಲ್ಲದ ಕಾಲವನ್ನು ಮುಟ್ಟಿ ಬರುವಂತಿದೆ.
'ಇಲ್ಲಿ ಕೆರೆ ಚೆನ್ನಾಗಿತ್ತು' ಎಂದೆ, ಯೋಚಿಸದೆ.

ತೊಂಬತ್ನಾಲ್ಕು.
ಕುಲುಮೆ ಆರಿತ್ತು. ಸಂಬಳದ ಬದಲು ಬಕೆಟ್ಟು ಕೊಟ್ಟರು,
ಆಮೇಲೆ ಅದೂ ಇಲ್ಲ.
ಮನೆಮನೆಯ ತಂತಿ ಕಿತ್ತು, ಬಾಗಿಲ ಹಿಡಿ ಬಿಚ್ಚಿ
ಗುಜರಿಗೆ ಹಾಕಿದ ಚಳಿಗಾಲ.
ಅಪ್ಪನ ಪದಕವೂ ತಕ್ಕಡಿ ಏರಿತು.
ಎಲ್ಲ ಸೇರಿ ಅರ್ಧ ಚೀಲ ಹಿಟ್ಟು.
ತಮ್ಮ ಆ ಏಪ್ರಿಲ್ ನೋಡಲಿಲ್ಲ.

ಅಪ್ಪ ಕಾಗದ ಮಡಚಿ ನನ್ನ ಕೈಗಿಟ್ಟು
ಉಪ್ಪಿನ ಚಹಾ ಬಗ್ಗಿಸಿದ. ಬಟ್ಟಲು ತುಂಬಿ ಚೆಲ್ಲುವವರೆಗೂ
ಬಗ್ಗಿಸುತ್ತಲೇ ಇದ್ದ.

'ಏನಕ್ಕಾ, ತಿನ್ನಬಹುದಾ ಈ ವರ್ಷ?'
ಗಾಳ ಹಾಕಿ ಕೂತ ಒರಾಜ್ ಕೂಗುತ್ತಾನೆ,
ಪಕ್ಕದಲ್ಲಿ ಐದು ಮೀನು, ಮರಗಟ್ಟಿ ಕಟ್ಟಿಗೆಯಂತೆ.
ಉತ್ತರ ಮೇ ತಿಂಗಳಿಗೆ ಬರುತ್ತದೆ,
ಒಣತೂಕದ ಕಿಲೋಗೆ ಇಷ್ಟು ಮಿಲಿಗ್ರಾಂ.
ಅವನ ಮನೆಯಲ್ಲಿ ಒಲೆ ಹೊತ್ತುವುದು ಈ ಸಂಜೆ.
ದೊಡ್ಡದನ್ನು ಬಿಡು, ಪಿತ್ತಕೋಶ ಮುಟ್ಟಬೇಡ,
ಮಕ್ಕಳಿಗೆ ವಾರಕ್ಕೊಮ್ಮೆ ಮಾತ್ರ ಎನ್ನುತ್ತೇನೆ.
ಕಳೆದ ವರ್ಷವೂ ಹಾಗೇ ಹೇಳಿದ್ದೆ.
ತಲೆಯಾಡಿಸುತ್ತಾನೆ, ಕಳೆದ ವರ್ಷದ ಹಾಗೇ.

ವಾಪಸು ನಲವತ್ತು ಕಿಲೋಮೀಟರ್, ಅಷ್ಟೂ ಗುಂಡಿಗಳು.
ಕೊಳವೆಯನ್ನು ಮಂಡಿಗಳ ನಡುವೆ ನೆಟ್ಟಗೆ ಹಿಡಿದು ಕೂರುತ್ತೇನೆ.
ಕೆಳಗಿನ ವರ್ಷಗಳು ಅಲುಗುವುದಿಲ್ಲ.
ಮೇಲಿನದು, ಈ ವರ್ಷದ್ದು, ಇನ್ನೂ ಕೂತಿಲ್ಲ,
ಸಾರಿನಂತೆ ತುಳುಕುತ್ತದೆ.
'ನಿಧಾನ' ಎನ್ನುತ್ತೇನೆ ಯೆರ್ಗಾಲಿಗೆ, 'ನಿಧಾನ.'

ಉಂಗುರ ಗೂಡಿನಲ್ಲೇ ಗಲಗಲ ಅನ್ನುತ್ತಿದೆ.